ಸೆಲ್ವಿ ಗಾಡಿಯ ಹಿಂದಿನ ಲೈಟು

ಬಂಗಾರಪೇಟೆಯಲ್ಲಿ ಗಾಡಿಗೆ ಲೈಟು ಹಾಕುವ ಪಂಡಿತರು ಬೀದಿಗೆ ಇಬ್ಬರಿದ್ದಾರೆ. ಅವರು ಹಾಕುವ ನೀಲಿ, ನೇರಳೆ, ಮಿಣಮಿಣ ಲೈಟುಗಳನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಲೈಟು ಇರುವುದು ಎದುರಿಗೆ ಬರುವವನ ಕಣ್ಣು ಕುಕ್ಕುವುದಕ್ಕೆ ಅಂದುಕೊಂಡಿದ್ದಾರೆ. ಓಡಿಸುವವರಿಗೆ ದಾರಿ ಕಾಣಬೇಕು, ಬೇರೆಯವರಿಗೆ ನಮ್ಮ ಗಾಡಿ ಕಾಣಬೇಕು, ಲೈಟಿನ ಕೆಲಸ ಅಷ್ಟೇ. ಇದನ್ನು ಹೇಳಿದರೆ ನನ್ನನ್ನೇ ಸಿಡುಕ ಮುನೀಂದ್ರ ಅನ್ನುತ್ತಾರೆ. ಅನ್ನಲಿ. ಹದಿನಾರು ವರ್ಷ ಪಿಕಪ್ ಓಡಿಸಿದವನಿಗೆ ಅಷ್ಟು ಸಿಡುಕುವ ಹಕ್ಕಿದೆ.

ಈಗ ಓಡಿಸುವುದಿಲ್ಲ. ಎರಡು ವರ್ಷದ ಹಿಂದೆ ಕ್ಯಾಸಂಬಳ್ಳಿ ಹತ್ತಿರ ಎಡಗಡೆಯಿಂದ ರಸ್ತೆಗೆ ಬಂದ ಒಂದು ಎಮ್ಮೆ ನನಗೆ ಕಾಣಲೇ ಇಲ್ಲ. ಎಮ್ಮೆಗೇನೂ ಆಗಲಿಲ್ಲ, ಅದು ನನ್ನನ್ನೊಂದು ಸಲ ನೋಡಿ ತನ್ನ ಪಾಡಿಗೆ ಹೋಯಿತು. ಅಷ್ಟು ದೊಡ್ಡ ಪ್ರಾಣಿ ಕಾಣಲಿಲ್ಲವಲ್ಲ ಅಂತ ನಾನು ಮಾತ್ರ ಗಾಡಿಯನ್ನು ಅರ್ಧ ಗಂಟೆ ಅಲ್ಲೇ ನಿಲ್ಲಿಸಿಕೊಂಡು ಕೂತೆ. ಬೆಂಗಳೂರಿನ ಕಣ್ಣಿನ ಡಾಕ್ಟರು ನೋಡಿ, ಕಣ್ಣೊಳಗೆ ಒತ್ತಡ ಏರಿ ನರ ಸವೆದಿದೆ ಅಂದರು. ನೇರಕ್ಕಿರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು, ದಿನಾ ಎರಡು ಹೊತ್ತು ಔಷಧಿ ಬಿಟ್ಟುಕೊಳ್ಳಬೇಕು, ಸ್ಟೇರಿಂಗ್ ಮುಟ್ಟಬಾರದು.

ಮನೆಗೆ ಬಂದು ಗಾಡಿಯ ಚಾವಿಯನ್ನು ಗೂಟಕ್ಕೆ ಹಾಕಿ ಕೂತೆ. ಗಾಡಿ ಮಾರುವುದು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ನನ್ನ ಹೆಂಡತಿ ಸೆಲ್ವಿ ಒಲೆ ಮುಂದಿನಿಂದ ಎದ್ದು ಬಂದು ಸೆರಗಿಗೆ ಕೈ ಒರೆಸಿಕೊಂಡು ಆ ಚಾವಿ ತೆಗೆದುಕೊಂಡಳು.

"ಮಾಮ, ನಂಗೆ ಕಲ್ಸು" ಅಂದಳು.

ಅವಳು ನನ್ನನ್ನು ಕರೆಯುವುದೇ ಮಾಮ ಅಂತ. ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ಹುಡುಗಿ, ಮನೆಯಲ್ಲಿ ತಮಿಳು. ನಾನು ಕ್ಯಾಸಂಬಳ್ಳಿ ಕಡೆಯ ಹಳ್ಳಿಯವನು, ಮದುವೆಯಾದ ಮೇಲೆ ಗಣಿಯವರು ಕೊಟ್ಟ ಅವಳಪ್ಪನ ಲೈನ್ ಮನೆಗೆ ಬಂದು ಸೇರಿಕೊಂಡವನು. ಮನೆಅಳಿಯ ಅಂತ ನಮ್ಮೂರಿನವರು ಇವತ್ತಿಗೂ ರೇಗಿಸುತ್ತಾರೆ. ಮಗಳು ದಿವ್ಯ ನರ್ಸಿಂಗ್ ಓದಿಗೆ ಕೋಲಾರದ ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ಉಳಿದವರು ನಾನು, ಸೆಲ್ವಿ, ನನ್ನ ಮಾವ ಕುಪ್ಪುಸ್ವಾಮಿ.

ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದ ಬಯಲಿನಲ್ಲಿ ಮೂರು ತಿಂಗಳು ಕಲಿಸಿದೆ. ಬೈದೆ, ಕೂಗಾಡಿದೆ, ಒಂದು ದಿನ ಸಿಟ್ಟು ಬಂದು ಗಾಡಿ ಇಳಿದು ಮನೆಗೆ ನಡೆದುಕೊಂಡೇ ಹೋದೆ. ಅವಳು ಗಾಡಿಯನ್ನು ಹಿಂದೆಯೇ ಓಡಿಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿ, "ಕೋಪ ಮಾಡ್ಕೊಂಡ್ರೂ ಗೇರ್ ಆಕೋದು ಕಲ್ಸ್ಬುಟ್ಟೆ ನೋಡು" ಅಂದಳು. ಪರೀಕ್ಷೆಯಲ್ಲಿ ಮೊದಲ ಸಲವೇ ಪಾಸಾದಳು. ನನಗೆ ಎರಡು ಸಲ ಬೇಕಾಗಿತ್ತು. ಆ ವಿಷಯವನ್ನು ಅವಳಿಗೆ ನಾನು ಹೇಳಿಲ್ಲ.

ಆಮೇಲೆ ಗಾಡಿಯನ್ನು ಅವಳ ಅಳತೆಗೆ ತರುವ ಕೆಲಸ ಶುರುವಾಯಿತು. ಸೆಲ್ವಿ ಕುಳ್ಳಿ. ಹತ್ತುವಾಗ ಮೊಣಕಾಲು ಎದೆಗೆ ತಾಗುತ್ತಿತ್ತು. ಡ್ರೈವರ್ ಬಾಗಿಲ ಕೆಳಗೆ ಪೈಪು ಬಗ್ಗಿಸಿ ಒಂದು ಮೆಟ್ಟಿಲು ಮಾಡಿ ನಟ್ಟು ಬೋಲ್ಟು ಹಾಕಿ ಕೂರಿಸಿದೆ, ಮಳೆಗಾಲದಲ್ಲಿ ಜಾರದಂತೆ ಮೇಲೆ ರಬ್ಬರು ಅಂಟಿಸಿದೆ. ಎಡಗಡೆ ಕನ್ನಡಿಯ ಕೆಳಗೆ ಅಂಗೈಯಗಲದ ಉಬ್ಬು ಕನ್ನಡಿ ಇಟ್ಟೆ. ಬಂಪರಿನ ಕೆಳಗೆ ಎರಡು ಹಳದಿ ಲೈಟು, ಚಳಿಗಾಲದ ಮಂಜಿಗೆ. ಬಾಡಿಯ ಎರಡೂ ಪಕ್ಕಕ್ಕೆ ಕೆಂಪು ಬಿಳಿ ರೇಡಿಯಂ ಪಟ್ಟಿ.

ಎಲ್ಲವನ್ನೂ ಮನೆ ಮುಂದೆಯೇ ಮಾಡಿದೆ. ಅಂಗಡಿಯವರು ಇರುವ ವೈರಿಗೇ ಹೊಸ ಲೈಟಿನ ವೈರು ಸುತ್ತಿ, ಟೇಪು ಹಚ್ಚಿ, ಆಯ್ತಣ್ಣ ಅನ್ನುತ್ತಾರೆ. ನಾನು ಬ್ಯಾಟರಿಯಿಂದ ಬೇರೆ ವೈರು ಎಳೆದೆ, ಫ್ಯೂಸು ಹಾಕಿದೆ, ಸ್ವಿಚ್ಚು ಸುಡದಿರಲಿ ಅಂತ ನಡುವೆ ರಿಲೇ ಕೂರಿಸಿದೆ. ತಗಡಿನ ತೂತಿನಲ್ಲಿ ವೈರು ಹಾಯುವ ಕಡೆಯೆಲ್ಲ ರಬ್ಬರಿನ ಬಳೆ ತೊಡಿಸಿದೆ, ಇಲ್ಲದಿದ್ದರೆ ಗಾಡಿ ಕುಲುಕಿದಂತೆಲ್ಲ ತಗಡು ವೈರನ್ನು ಕೊಯ್ಯುತ್ತದೆ. ಕಣ್ಣು ಕಡಿಮೆಯಾದ ಮೇಲೆ ನನ್ನ ಬೆರಳಿಗೆ ಬುದ್ಧಿ ಜಾಸ್ತಿಯಾಗಿತ್ತು.

ಟಾರ್ಚು ಹಿಡಿಯುತ್ತಿದ್ದವರು ಮಾವ. ಎಪ್ಪತ್ತೆರಡು ವಯಸ್ಸು. ಗಣಿಯಲ್ಲಿ ಮೂವತ್ತೊಂದು ವರ್ಷ ಅವರ ಕೆಲಸ ಗಂಟೆ ಹೊಡೆಯುವುದು. ಜನ ತುಂಬಿದ ಲಿಫ್ಟಿನ ಪಂಜರವನ್ನು ಬಾವಿಯಂಥ ಶಾಫ್ಟಿನಲ್ಲಿ ಇಳಿಸಬೇಕೋ, ಏರಿಸಬೇಕೋ, ನಿಲ್ಲಿಸಬೇಕೋ ಅಂತ ಮೇಲಿರುವ ಇಂಜಿನ್ನಿನವನಿಗೆ ಗಂಟೆಯಲ್ಲೇ ಹೇಳಬೇಕು. ಮೂವತ್ತೊಂದು ವರ್ಷದಲ್ಲಿ ಒಂದು ಗಂಟೆಯೂ ತಪ್ಪಿಲ್ಲ ಅಂತ ಅವರು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೊಸಬರು ಬರದಿದ್ದರೆ ಹಳಬರಿಗೇ ಇನ್ನೊಂದು ಸಲ ಹೇಳುತ್ತಿದ್ದರು. ಅವರು ಟಾರ್ಚು ಹಿಡಿದರೆ ಬೆಳಕು ಒಂದು ಕೂದಲೆಳೆಯಷ್ಟೂ ಅಲ್ಲಾಡುತ್ತಿರಲಿಲ್ಲ.

ಸೆಲ್ವಿಗೆ ಎಲ್ಲ ಬಂತು, ರಿವರ್ಸ್ ಒಂದು ಬಿಟ್ಟು.

ನಾವು ಕೋಲಾರದ ಮಾರ್ಕೆಟ್ಟಿಗೆ ತರಕಾರಿ ತುಂಬುವುದು ಕ್ಯಾಸಂಬಳ್ಳಿಯಾಚೆ ಚಿಕ್ಕವೆಂಕಟಪ್ಪನವರ ತೋಟದಲ್ಲಿ. ಶೆಡ್ಡಿಗೆ ಗಾಡಿ ಹಿಂದಕ್ಕೇ ಹೋಗಬೇಕು. ಒಂದು ಕಡೆ ಬಾವಿ ಕಟ್ಟೆ, ಇನ್ನೊಂದು ಕಡೆ ಪಂಪ್‌ಸೆಟ್ ಮನೆಯ ಕಲ್ಲುಕಂಬ, ನಡುವೆ ಗಾಡಿಯ ಅಗಲಕ್ಕಿಂತ ಎರಡು ಮೊಳ ಹೆಚ್ಚು ಜಾಗ. ಬೆಳಗಿನ ಜಾವ ನಾಲ್ಕೂವರೆಗೆ ಅಲ್ಲಿ ಬಾವಿಯೂ ಕಪ್ಪು, ಕಂಬವೂ ಕಪ್ಪು. ನಾನು ಇಳಿದು ಟಾರ್ಚು ಹಿಡಿದು ಗಾಡಿಯ ಹಿಂದಿನ ಮೂಲೆಯಲ್ಲಿ ನಿಂತು ಬಾಡಿಯ ತಗಡನ್ನು ತಟ್ಟುತ್ತಿದ್ದೆ. ತಟ್ಟುತ್ತಿರುವವರೆಗೂ ಬಾ ಅಂತ ಅರ್ಥ. ಜೋರಾಗಿ ಒಂದೇ ಏಟು ಬಿದ್ದರೆ ನಿಲ್ಲು ಅಂತ. ಊರಿನ ಲಾರಿ, ಟೆಂಪೋ, ಪಿಕಪ್ ಎಲ್ಲದರ ಭಾಷೆಯೂ ಇದೇ. ಅವಳು ನನ್ನ ತಟ್ಟು ಕೇಳಿಕೊಂಡು ಬಂದು ಶೆಡ್ಡಿನ ಬಾಯಿಗೆ ಸರಿಯಾಗಿ ನಿಲ್ಲುತ್ತಿದ್ದಳು.

ಹೀಗೆ ದಿನಾ ನಾಲ್ಕಕ್ಕೆ ಹೊರಟು ಒಂಬತ್ತೂವರೆಗೆ ವಾಪಸು ಬರುವವರೆಗೆ ಅವಳ ಪಕ್ಕದ ಸೀಟು ನನ್ನದಾಯಿತು. ಮದುವೆಯಾಗಿ ಇಪ್ಪತ್ತೊಂದು ವರ್ಷವಾದರೂ ನಾವಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂತದ್ದೇ ಇರಲಿಲ್ಲ. ಜಾವಕ್ಕೆ ಎದ್ದು ಹೋದವನು ಮಧ್ಯಾಹ್ನ ಬಂದು ಉಂಡು ಮಲಗಿಬಿಡುತ್ತಿದ್ದೆ. ಗಾಡಿಯಲ್ಲಿ ಕೂತ ಮೇಲೆ ಗೊತ್ತಾಯಿತು, ನನ್ನ ಹೆಂಡತಿ ಗೇರು ಬದಲಿಸುವಾಗ ಸಣ್ಣಗೆ ಹಾಡಿಕೊಳ್ಳುತ್ತಾಳೆ. ಚಿಕ್ಕವಳಿದ್ದಾಗ ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ರೈಲಿನ ಡ್ರೈವರಿಗೆ ದಿನಾ ಕೈಬೀಸುತ್ತಿದ್ದಳಂತೆ, ಒಂದು ದಿನ ಅವನು ತಿರುಗಿ ಬೀಸಲಿಲ್ಲ ಅಂತ ಎರಡು ದಿನ ಅತ್ತಿದ್ದಳಂತೆ. ಅವಳನ್ನು ನೋಡಬೇಕಾದರೆ ನಾನು ಪೂರ್ತಿ ತಿರುಗಿ ಕೂರಬೇಕು. "ರೋಡ್ ನೋಡು ಮಾಮ, ನನ್ನೇನ್ ನೋಡ್ತೀಯ" ಅನ್ನುತ್ತಿದ್ದಳು. ರೋಡು ನೋಡಿ ನನಗೆ ಸಾಕಾಗಿತ್ತು. ನನಗೆ ಆ ಸೀಟು ಬೇಕಿತ್ತು, ಅದಕ್ಕಿಂತ ಹೆಚ್ಚು ನಾನು ಬದುಕಿನಲ್ಲಿ ಏನನ್ನೂ ಬಯಸಿರಲಿಲ್ಲ.

ಇಷ್ಟಾದ ಮೇಲೂ ಹಿಂದಿನ ಲೈಟು ಹಾಕಿದವನು ನಾನೇ. ಕೆಲಸ ಮಾಡುವ ಚಪಲ. ಎರಡು ಬಿಳಿ ಎಲ್‌ಇಡಿ ತಂದು ಬಾಡಿಯ ಕೆಳಗೆ ಹಿಂದಕ್ಕೆ ಮುಖ ಮಾಡಿ ಕೂರಿಸಿ, ರಿವರ್ಸ್ ಗೇರು ಬಿದ್ದ ತಕ್ಷಣ ತಾವೇ ಹೊತ್ತಿಕೊಳ್ಳುವಂತೆ ವೈರು ಕೊಟ್ಟೆ. ಮಾರನೆಯ ದಿನ ಶೆಡ್ಡಿನ ಮುಂದೆ ಸೆಲ್ವಿ ರಿವರ್ಸ್ ಹಾಕಿದಳು. ಬಾವಿ, ಕಂಬ, ನೆಲದ ಮೇಲೆ ಬಿದ್ದಿದ್ದ ಬೀನ್ಸ್ ಕೂಡ ಹಗಲಿನಂತೆ ಕಂಡವು. ನಾನು ಇಳಿದು ಹಿಂದಕ್ಕೆ ಹೋಗುವಷ್ಟರಲ್ಲಿ ಅವಳು ಒಂದೇ ಸಲಕ್ಕೆ ಗಾಡಿಯನ್ನು ಶೆಡ್ಡಿಗೆ ತಂದು ನಿಲ್ಲಿಸಿದ್ದಳು. ತಟ್ಟುವುದಕ್ಕೆ ಎತ್ತಿದ ಕೈ ಎತ್ತಿದಂತೆಯೇ ಇತ್ತು.

ವಾಪಸು ಬರುವಾಗ ಅವಳ ಸಂತೋಷ ನೋಡಬೇಕಿತ್ತು. "ಮಾಮ, ಇಷ್ಟು ಬೆಳಕಿದ್ರೆ ನಾನೇ ಮಾಡ್ಕೊಂತೀನಿ. ಪಾಪ, ನೀನ್ಯಾಕೆ ನಾಕ್ ಗಂಟೆಗೆ ಎದ್ದೇಳ್ತೀಯ, ಇನ್ಮ್ಯಾಕೆ ಮಲಕ್ಕೊ" ಅಂದಳು. ಪ್ರೀತಿಯಿಂದಲೇ ಅಂದದ್ದು. ನನಗೆ ಮಾತ್ರ ಬಾಗಿಲು ತೆಗೆದು ಕೆಳಗಿಳಿಸಿದಂತಾಯಿತು.

ಆ ಮಧ್ಯಾಹ್ನ ಅವಳು ಮಲಗಿದ್ದಾಗ ಗಾಡಿಯ ಕೆಳಗೆ ತೂರಿ, ಲೈಟಿನ ವೈರು ಸೇರುವ ಕಪ್ಲರನ್ನು ಎಳೆದು ಬಿಡಿಸಿದೆ. ಎರಡು ತುದಿಯನ್ನೂ ಟೇಪಿನಲ್ಲಿ ಸುತ್ತಿ ಚಾಸಿಯ ಸಂದಿಗೆ ತುರುಕಿದೆ. ಒಂದು ನಿಮಿಷದ ಕೆಲಸ. ಮಾರನೆಯ ದಿನ ಲೈಟು ಹತ್ತಲಿಲ್ಲ. ಗೇರುಬಾಕ್ಸಿನ ಸ್ವಿಚ್ಚು ಹೋಗಿದೆ, ಬೆಂಗಳೂರಿನಿಂದ ತರಿಸಬೇಕು ಅಂದೆ. ಸೆಲ್ವಿ ನಂಬಿದಳು. ಹೆಂಡತಿ ನಂಬುತ್ತಾಳೆ ಅಂತ ಗೊತ್ತಿದ್ದೇ ಹೇಳಿದ ಸುಳ್ಳು ಅದು. ನಾನು ಮತ್ತೆ ಇಳಿದು ತಟ್ಟಿದೆ. ಎರಡು ತಿಂಗಳು ತಟ್ಟಿದೆ. ಒಂದೆರಡು ಸಲ ಅವಳು ನಾನಿಲ್ಲದೆ ಹಿಂದಕ್ಕೆ ತರಲು ನೋಡಿ, ಕತ್ತಲಲ್ಲಿ ಹೆದರಿ ನಿಲ್ಲಿಸಿ, "ನಂಗೆ ಇದೊಂದು ಬರಲ್ಲ ಬುಡು ಮಾಮ" ಅಂದಳು. ನನಗೆ ಒಳಗೆ ಚುಚ್ಚಿತು. ಆದರೂ ಇಳಿದು ಹೋಗಿ ತಟ್ಟಿದೆ.

ಆಮೇಲೆ ಡಾಕ್ಟರಿಗೆ ಕಣ್ಣು ತೋರಿಸುವ ದಿನ ಬಂತು. ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿಯಬೇಕು, ಗಾಡಿಯಲ್ಲಿ ಹೋಗುವಂತಿಲ್ಲ. ಮಾವ ಎದ್ದು ನಿಂತರು. ಅಳಿಯನಾದ ನನ್ನನ್ನು ಅವರು ಮಾಪ್ಳೆ ಅನ್ನುತ್ತಾರೆ.

"ನಾನ್ ಓಗ್ತೀನಿ ಮಾಪ್ಳೆ. ಮೂವತ್ತೊಂದ್ ವರ್ಸ ಜನಗಳ್ನ ಇಳ್ಸಿರೋ ಕೈ ಇದು. ಒಂದ್ ಗಾಡಿ ನಿಲ್ಸಕ್ಕಾಗಲ್ವಾ?"

ಇಸ್ತ್ರಿ ಮಾಡಿದ ಶರಟನ್ನು ಸಂಜೆಯೇ ತೆಗೆದಿಟ್ಟುಕೊಂಡರು. ಸೆಲ್ವಿ ನನಗೆ, "ಎಂಗೂ ಬೆಂಗ್ಳೂರಿಗೆ ಓಗ್ತಿದ್ದೀಯಲ್ಲ, ಆ ಸ್ವಿಚ್ ತಗೊಂಡ್ ಬಾ ಮಾಮ" ಅಂದಳು. ನಾನು ಹೊರಗೆ ಹೋಗಿ ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತೆ. ಕೈ ಹಾಕಿದರೆ ಕಪ್ಲರು ಬೆರಳಿಗೆ ಸಿಕ್ಕಿತು. ಸೇರಿಸಿಬಿಟ್ಟರೆ ನಾಳೆ ಒಂದು ದಿನಕ್ಕೆ ಒಳ್ಳೆಯದೇ. ಆದರೆ ಆ ಬೆಳಕನ್ನು ಅವಳು ಇನ್ನೊಂದು ಸಲ ನೋಡಿದರೆ ನನ್ನ ಸೀಟು ಹೋದಂತೆ. ಎದ್ದು ಕೈ ತೊಳೆದುಕೊಂಡು ಒಳಗೆ ಬಂದೆ.

ಆಸ್ಪತ್ರೆಯಲ್ಲಿ ನನ್ನ ನಂಬರಿಗೆ ಕಾಯುತ್ತಿದ್ದಾಗ ಸೆಲ್ವಿಯ ಫೋನು ಬಂತು.

"ಮಾಮ, ಗಾಡಿ ಕಂಬಕ್ಕೆ ತಾಕ್ಬುಡ್ತು. ಅಪ್ಪಂಗೆ ಏನಿಲ್ಲ, ಬಿದ್ದು ಮೊಣಕೈ ತರ್ಚೈತೆ ಅಷ್ಟೆ. ನೀನ್ ಗಾಬ್ರಿ ಬೀಳ್ಬ್ಯಾಡ. ಕಣ್ ತೋರ್ಸ್ಕೊಂಡ್ ಬಾ."

ಡಾಕ್ಟರು ನನ್ನ ಕಣ್ಣಿನ ಬಗ್ಗೆ ಹೇಳಿದ ಒಂದು ಮಾತೂ ತಲೆಗೆ ಹತ್ತಲಿಲ್ಲ.

ನಡೆದದ್ದನ್ನು ಸಂಜೆ ಮಾವನೇ ಹೇಳಿದರು, ತಲೆ ತಗ್ಗಿಸಿಕೊಂಡು. ಗಾಡಿ ಹಿಂದಕ್ಕೆ ಬರುತ್ತಿತ್ತು. ಕಂಬ ಹತ್ತಿರವಾಗುತ್ತಿದೆ, ಮಗಳು ನಿಧಾನ ಮಾಡಲಿ ಅಂತ ಅವರಿಗೆ ಅನ್ನಿಸಿತು. ಗಣಿಯಲ್ಲಿ ನಿಧಾನವಾಗಿ ಇಳಿಸು ಅನ್ನುವುದಕ್ಕೆ ಐದು ಸಲ ಗಂಟೆ ಹೊಡೆಯಬೇಕು. ಕೈ ತನ್ನಷ್ಟಕ್ಕೆ ತಗಡಿನ ಮೇಲೆ ಐದು ತಟ್ಟು ತಟ್ಟಿತು. ಸೆಲ್ವಿಗೆ ಕೇಳಿಸಿದ್ದು ಬಾ ಬಾ ಬಾ ಅಂತ. ಧೈರ್ಯ ಬಂದು ಅವಳು ಆಕ್ಸಿಲರೇಟರ್ ಒತ್ತಿದಳು. ಮಾವ ನಿಲ್ಲಿಸಲು ಒಂದೇ ಏಟು ಹೊಡೆದರು, ಅಷ್ಟರಲ್ಲಿ ಗಾಡಿ ಕಂಬಕ್ಕೆ ಬಡಿದಿತ್ತು. ಪಕ್ಕಕ್ಕೆ ನೆಗೆದು ಬಿದ್ದದ್ದಕ್ಕೆ ಮುದುಕರು ಉಳಿದರು. ಹಿಂಬಾಗಿಲು ಒಳಕ್ಕೆ ಬಗ್ಗಿತ್ತು, ಒಂದು ಕೆಂಪು ದೀಪ ಪುಡಿಯಾಗಿತ್ತು.

"ನನ್ ಕೈಗೆ ಬುದ್ದಿ ಓಯ್ತು ಮಾಪ್ಳೆ" ಅಂದರು. "ಶಾಫ್ಟ್ ಅಲ್ಲೇ ಉಳ್ಕೊಂಡೈತೆ ಇದು. ಮಗಳ್ನೇ ಕಂಬಕ್ಕೆ ಒಡ್ಸ್ಬುಟ್ಟೆ."

ಸ್ವಿಚ್ಚು ತಂದೆಯಾ ಅಂತ ಸೆಲ್ವಿ ಕೇಳಿದಳು. ಸಿಗಲಿಲ್ಲ ಅಂದೆ.

ಅವತ್ತಿನಿಂದ ಮಾವ ಜಗಲಿಯ ಮೇಲೆ ಕೂತವರು ಏಳಲಿಲ್ಲ. ತಟ್ಟೆಯಲ್ಲಿ ಹಾಕಿದ ಮುದ್ದೆ ಅರ್ಧ ಹಾಗೇ ಉಳಿಯುತ್ತಿತ್ತು. ಯಾರಾದರೂ ಬಂದರೆ ಮೂವತ್ತೊಂದು ವರ್ಷದ ಮಾತೇ ಇಲ್ಲ. ನಿಜ ಹೇಳಬೇಕೆಂದರೆ ಆ ಮಾತು ಕೇಳಿ ಕೇಳಿ ನನಗೆ ಎಷ್ಟೋ ಸಲ ರೇಗಿತ್ತು. ಅದು ನಿಂತ ಮೇಲೆ ಮನೆಯಲ್ಲಿ ಕೂರುವುದಕ್ಕೇ ಆಗುತ್ತಿರಲಿಲ್ಲ. ಬೆಳಗ್ಗೆ ನಾನು ಸೆಲ್ವಿಯ ಪಕ್ಕದಲ್ಲೇ ಹೋಗಿ ಬರುತ್ತಿದ್ದೆ, ಅವಳೂ ಮಾತಾಡುತ್ತಿರಲಿಲ್ಲ. ಗೇರು ಬದಲಿಸುವಾಗ ಹಾಡೂ ಇಲ್ಲ. ಬೇಕು ಬೇಕು ಅಂತ ಹಿಡಿದುಕೊಂಡ ಸೀಟು ಮುಳ್ಳಿನಂತೆ ಚುಚ್ಚುತ್ತಿತ್ತು.

ನಾಲ್ಕನೆಯ ದಿನ ಸಂಜೆ ಹಿಂಬಾಗಿಲನ್ನು ಬಿಚ್ಚಿ ನೆಟ್ಟಗೆ ಮಾಡಲು ಕೂತೆ. ಒಡೆದ ದೀಪದ ಒಳಗೆ ವೈರು ನೋಡಬೇಕಿತ್ತು.

"ಮಾವ, ಒಸಿ ಟಾರ್ಚ್ ಇಡ್ಕೊಳ್ರಿ" ಅಂದೆ.

ಅವರು ತಲೆಯಾಡಿಸಿದರು. ಎರಡೂ ಕೈಯನ್ನು ಟವಲಿನ ಕೆಳಗೆ ಇಟ್ಟುಕೊಂಡರು. "ಬ್ಯಾಡ ಮಾಪ್ಳೆ. ನನ್ ಕೈಗೆ ಇನ್ನೇನೂ ಕೊಡ್ಬ್ಯಾಡ."

ನನಗೆ ತಡೆಯಲಾಗಲಿಲ್ಲ. ಸುತ್ತಿಗೆ ಅಲ್ಲೇ ಬಿಟ್ಟು ಸೆಲ್ವಿಯನ್ನು ಕೂಗಿದೆ. ಗಾಡಿ ಹತ್ತು, ಚಾವಿ ತಿರುಗಿಸು, ರಿವರ್ಸ್ ಹಾಕಿ ಹಾಗೇ ಇರು ಅಂದೆ. ಯಾಕೆ ಅಂತ ಕೇಳದೆ ಹತ್ತಿದಳು. ನಾನು ಕೆಳಗೆ ತೂರಿ, ಟೇಪು ಕಿತ್ತು, ಕಪ್ಲರಿನ ಎರಡು ತುದಿಯನ್ನೂ ಸೇರಿಸಿದೆ. ಬೆಳಕು ಜಗಲಿಯ ಮೇಲೆ, ಮಾವನ ಮುಖದ ಮೇಲೆ ಪೂರ್ತಿ ಬಿತ್ತು. ಅವರು ಕಣ್ಣು ಮುಚ್ಚಿಕೊಂಡರು. ಸೆಲ್ವಿ ಕನ್ನಡಿಯಲ್ಲಿ ಬೆಳಕು ನೋಡಿ ಇಳಿದು ಹಿಂದಕ್ಕೆ ಬಂದಳು.

"ಸ್ವಿಚ್ ಓಗಿರ್ಲಿಲ್ಲ" ಅಂದೆ. "ನಾನೇ ಕಿತ್ತಿದ್ದೆ. ಎರಡ್ ತಿಂಗ್ಳಿಂದ ಕಿತ್ತೇ ಇತ್ತು. ಇದಿದ್ದಿದ್ರೆ ಅವ್ಳಿಗೆ ಕಂಬ ಕಾಣ್ತಿತ್ತು. ತಪ್ಪು ನಿಮ್ ಕೈದಲ್ಲ ಮಾವ, ನಂದು."

ಮಾವ ಕಣ್ಣು ತೆರೆದರು. "ಯಾಕೆ ಮಾಪ್ಳೆ?" ಅಂದರು.

ಅದೊಂದಕ್ಕೆ ಉತ್ತರ ಹೇಳುವುದು ವೈರು ಸೇರಿಸಿದಷ್ಟು ಸುಲಭವಿರಲಿಲ್ಲ. ಐವತ್ತು ಹತ್ತಿರವಾದ ಗಂಡಸು, ಮಾವನ ಮುಂದೆ ಹೇಗೆ ಹೇಳುವುದು? ಆದರೂ ಹೇಳಿದೆ. "ಲೈಟ್ ಇದ್ರೆ ನಾನ್ ಬ್ಯಾಡ ಅಂತಾಳೆ. ಅವ್ಳ ಪಕ್ಕದ್ ಸೀಟ್ ಓಗ್ತದೆ ಅಂತ."

ಸೆಲ್ವಿ ಹೋಗಿ ಚಾವಿ ತಿರುಗಿಸಿದಳು, ಬೆಳಕು ಆರಿತು, ಒಳಗೆ ಹೋದಳು. ಮಾವ ಎದ್ದು ಬಂದು, ನೆಲದ ಮೇಲಿದ್ದ ಟಾರ್ಚು ಹತ್ತಿಸಿ ಒಡೆದ ದೀಪದೊಳಕ್ಕೆ ಬಿಟ್ಟರು. "ಮಾಡು ಕೆಲ್ಸ" ಅಂದರು. ಕೈ ಅಲ್ಲಾಡುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಗಣಿಲಿ ಇಂಗೆ ವೈರ್ ಕಿತ್ತಿದ್ರೆ ನಿನ್ನ ಆವತ್ತೇ ಗೇಟ್ ಆಚೆ ಬುಡ್ತಿದ್ರು" ಅಂದರು. ಆ ರಾತ್ರಿ ತಟ್ಟೆಯಲ್ಲಿ ಏನೂ ಉಳಿಸಲಿಲ್ಲ.

ಊಟ ಬಡಿಸಿದ ಮೇಲೆ ಸೆಲ್ವಿ ನನ್ನ ಎದುರಿಗೆ ಕೂತಳು. ಬೈಯಲಿ ಅಂತ ಕಾಯುತ್ತಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಲೈಟ್ ಕಿತ್ತಿದ್ದಕ್ಕೆ ಕೋಪ ಇಲ್ಲ ಮಾಮ" ಅಂದಳು. "ನಂಗೆ ರಿವರ್ಸ್ ಬರಲ್ಲ ಅಂತ ಎರಡ್ ತಿಂಗ್ಳು ನಂಬ್ಕೊಂಡಿದ್ನಲ್ಲ, ಅದ್ಕೆ ಕೋಪ. ಅಪ್ಪನ್ ಮೇಲೆ ಗಾಡಿ ಬಿಡ್ತಿದ್ದೆ ಅಂತ ಮೂರ್ ದಿನ ನಿದ್ದೆ ಮಾಡಿಲ್ಲ ನಾನು. ಗಾಡಿ ಮಾರ್ಬುಡಾನ ಅಂದ್ಕೊಂಡಿದ್ದೆ, ಗೊತ್ತಾ?"

ಗೊತ್ತಿರಲಿಲ್ಲ. ಅವಳು ಮಾತಾಡದೆ ಗಾಡಿ ಓಡಿಸುತ್ತಿದ್ದಾಗ ನಾನು ನನ್ನ ಸೀಟಿನ ಬಗ್ಗೆಯೇ ಯೋಚಿಸುತ್ತಿದ್ದೆ. ಅವಳ ಸೀಟಿನಲ್ಲಿ ಏನಾಗುತ್ತಿದೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ.

"ಒಂದ್ ವಾರ ನೀನ್ ಬರ್ಬ್ಯಾಡ" ಅಂದಳು. "ನಾನೊಬ್ಳೇ ಓಗ್ಬೇಕು. ನನ್ ಕೈಲಿ ಆಗ್ತದಾ ಇಲ್ವಾ ಅಂತ ನಂಗೆ ಗೊತ್ತಾಗ್ಬೇಕು."

ಸರಿ ಅಂದೆ. ಇನ್ನೇನು ಅನ್ನಲಿ.

ಆ ವಾರ ನಾಲ್ಕು ಗಂಟೆಗೆ ಗಾಡಿ ಹೊರಡುವ ಸದ್ದಿಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುತ್ತಿರಲಿಲ್ಲ. ಈಗ ದಿಬ್ಬದ ಹತ್ತಿರದ ತಿರುವು ದಾಟಿರಬೇಕು, ಈಗ ಕ್ಯಾಸಂಬಳ್ಳಿ, ಈಗ ಬಾವಿ ಕಟ್ಟೆ ಅಂತ ಮಲಗಿದಲ್ಲೇ ಲೆಕ್ಕ ಹಾಕುತ್ತಿದ್ದೆ. ಬೆಳಗಿನ ರೈಲು ಮಾರಿಕುಪ್ಪಂ ಬಿಟ್ಟ ಸದ್ದು ಕೇಳಿದರೆ, ಇಷ್ಟೊತ್ತಿಗೆ ಕ್ರೇಟು ತುಂಬಿ ಆಗಿರಬೇಕು ಅಂತ ಸಮಾಧಾನ. ಮೊದಲ ಎರಡು ದಿನ ನನ್ನ ಮನಸ್ಸಿನ ಮೂಲೆಯಲ್ಲಿ, ಫೋನು ಬರಲಿ, ಮಾಮ ಬಾ ಆಗುತ್ತಿಲ್ಲ ಅನ್ನಲಿ ಅಂತಲೂ ಇತ್ತು. ಸುಳ್ಳೇಕೆ ಹೇಳಲಿ. ಮೂರನೆಯ ದಿನ ಅದು ತಾನಾಗಿ ಹೋಯಿತು. ಅವಳಿಗೆ ಬರಲಿ, ಚೆನ್ನಾಗಿ ಬರಲಿ ಅಂತಷ್ಟೇ ಉಳಿಯಿತು.

ಕೈ ಸುಮ್ಮನಿರಲಿಲ್ಲ. ಹಿಂಬಾಗಿಲ ತಗ್ಗು ತೆಗೆದು, ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಹೊಡೆದೆ. ಹಿಂದಿನ ಲೈಟುಗಳಲ್ಲಿ ಒಂದು ಸ್ವಲ್ಪ ಮೇಲಕ್ಕೆ ನೋಡುತ್ತಿತ್ತು, ಅದನ್ನು ಬಾವಿ ಕಟ್ಟೆಯ ಎತ್ತರಕ್ಕೆ ಇಳಿಸಿದೆ. ಬಾಡಿಯ ಮೂಲೆಗಳಿಗೆ ಎರಡು ಸಣ್ಣ ಕಿತ್ತಳೆ ದೀಪ ಹಾಕಿದೆ, ಕನ್ನಡಿಯಲ್ಲಿ ನೋಡಿದರೆ ಗಾಡಿ ಎಲ್ಲಿಗೆ ಮುಗಿಯುತ್ತದೆ ಅಂತ ಗೊತ್ತಾಗಲಿ ಅಂತ. ಕಪ್ಲರಿನ ಮೇಲೆ ಶಾಖಕ್ಕೆ ಬಿಗಿಯುವ ಕೊಳವೆ ತೊಡಿಸಿ, ಬೆಂಕಿಕಡ್ಡಿ ತೋರಿಸಿ ಮುಚ್ಚಿದೆ. ಇನ್ನು ಅದನ್ನು ಬಿಡಿಸಬೇಕಾದರೆ ಕತ್ತರಿಸಬೇಕು. ಮಾವ ಟಾರ್ಚು ಹಿಡಿದಿದ್ದರು.

ಏಳನೆಯ ದಿನ ಸೆಲ್ವಿ ಒಂಬತ್ತೂ ಕಾಲಿಗೇ ಬಂದಳು. ಮೆಟ್ಟಿಲ ಮೇಲೆ ಕಾಲಿಟ್ಟು ಇಳಿದು, ಮುಖ ತೊಳೆದು, ಜಗಲಿಯ ಮೇಲೆ ನನ್ನ ಪಕ್ಕ ಕೂತಳು.

"ಏಳು ದಿನ ಆಯ್ತು. ಒಂದ್ ಸಲಾನೂ ತಾಕಿಲ್ಲ" ಅಂದಳು. "ಇವತ್ತು ಕೋಲಾರದ ಮಾರ್ಕೆಟ್ಟಲ್ಲಿ ಎರಡ್ ಲಾರಿ ನಡ್ವೆ ಒಂದೇ ಸಲ್ಕೆ ಆಕ್ದೆ. ನಂಗೆ ಬತ್ತದೆ ಮಾಮ. ಒಬ್ಳಿಗೇ ಬತ್ತದೆ. ಇಂದೆ ನಿಂತ್ಕೊಂಡ್ ತಟ್ಟೋರು ಯಾರೂ ಬ್ಯಾಡ."

ನನಗೆ ಹೆಮ್ಮೆಯಾಯಿತು, ಆ ಸೀಟು ಹೋಯಿತು ಅಂತಲೂ ಗೊತ್ತಾಯಿತು. ಒಳ್ಳೆಯದಾಯಿತು ಅಂದೆ. ಅವಳು ಕಾಲು ಚಾಚಿಕೊಂಡಳು.

"ನಾಳೆ ನಾಕ್ ಗಂಟೆಗೆ ಎದ್ದೇಳು" ಅಂದಳು.

"ಯಾಕೆ? ಬ್ಯಾಡ ಅಂದ್ಯಲ್ಲ."

"ತಟ್ಟೋದು ಬ್ಯಾಡ ಅಂದೆ. ನೀನ್ ಬ್ಯಾಡ ಅಂದ್ನಾ?"

ಮಾರನೆಯ ದಿನ ಹೋದೆ. ತಿರುವು ದಾಟಿ ಮೂರನೆಯ ಗೇರಿಗೆ ಹಾಕುವಾಗ ಅವಳು ಹಾಡಿಕೊಂಡಳು. ಚಿಕ್ಕವೆಂಕಟಪ್ಪನವರ ತೋಟದಲ್ಲಿ ರಿವರ್ಸ್ ಹಾಕಿದಳು, ಹಿಂದೆ ಬೆಳಕಾಯಿತು, ನನ್ನ ಕೈ ಅಭ್ಯಾಸಬಲದಿಂದ ಬಾಗಿಲ ಹಿಡಿಗೆ ಹೋಯಿತು. ಅಲ್ಲಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ಒಂದು ಸಲ ಬಲ ನೋಡಿದಳು, ಒಂದು ಸಲ ಎಡ ನೋಡಿದಳು, ಗಾಡಿ ಬಾವಿಯನ್ನೂ ಕಂಬವನ್ನೂ ದಾಟಿ ಶೆಡ್ಡಿನ ಬಾಯಿಗೆ ನಿಂತಿತು. ನಾನು ಇಳಿಯಲಿಲ್ಲ.

ಚಿಕ್ಕವೆಂಕಟಪ್ಪನವರು ಲಾಟೀನು ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದು ಬಗ್ಗಿ ನೋಡಿದರು. "ಏನಪ್ಪ ಮುನೀಂದ್ರ, ಒಂದ್ ವಾರದಿಂದ ಆಯಮ್ಮ ಒಬ್ರೇ ಬಂದು ಎಲ್ಲ ಮಾಡ್ಕೊಂಡ್ ಓಗ್ತಾವ್ರೆ. ಇವತ್ತೇನ್ ನೀನು ಸುಮ್ಕೆ ಕುಂತಿದ್ದೀಯ? ಏನ್ ಕೆಲ್ಸ ನಿಂದು?"

ಸೆಲ್ವಿ ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ನಿಲ್ಲಿಸಿ, ಅವರ ಕಡೆ ತಿರುಗಿದಳು.

"ಕೆಲ್ಸ ಏನಿಲ್ಲಣ್ಣ" ಅಂದಳು. "ನಾನೇ ಕರ್ಕೊಂಡ್ ಬಂದೆ."